ನೆನಪಿದ್ದ ತಂತಿ

ಅರವತ್ತೆಂಟನೇ ಇಸವಿ. ಭದ್ರಾವತಿಯ ಒಂದು ತಂತಿ ಕಾರ್ಖಾನೆಯ ಟೆಸ್ಟಿಂಗ್ ರೂಮಿನಲ್ಲಿ ಹಮೀದನಿಗಿದ್ದದ್ದು ಒಂದೇ ಕೆಲಸ. ತಂತಿಯನ್ನು ಅತ್ತ ಇತ್ತ ಬಗ್ಗಿಸಬೇಕು, ಎಷ್ಟನೇ ಸಲಕ್ಕೆ ಮುರಿಯಿತೆಂದು ಬರೆಯಬೇಕು. ಭಾನುವಾರ ಶಿವಮೊಗ್ಗದಲ್ಲಿ ಎರಡೆರಡು ಸಿನಿಮಾ ನೋಡಿ ಬರುವ ಈ ಮಹಾಶಯನಿಗೆ ಸೋಮವಾರ ಕೈ ಏಳುತ್ತಿರಲಿಲ್ಲ. ಇಕ್ಕಳದಲ್ಲಿ ತಂತಿಯನ್ನು ಪಟಕ್ಕನೆ ಕತ್ತರಿಸಿ, ತೋಚಿದ ಸಂಖ್ಯೆ ಬರೆದು ಕೈತೊಳೆದುಕೊಳ್ಳುತ್ತಿದ್ದ. ಸಿಕ್ಕಿಬಿದ್ದ ದಿನ ಎದೆಯ ಮೇಲೆ ಕೈಯಿಟ್ಟು, "ಅಪರಾಧಿ ನಾನೇ ಮಹಾಪ್ರಭು, ಶಿಕ್ಷೆ ವಿಧಿಸಿ" ಎಂದು ತಲೆಬಾಗಿದ.

ಮಹಾಪ್ರಭು, ಅಂದರೆ ಆಫೀಸರ್ ಕೊಟ್ರಬಸಪ್ಪನವರು, ನಗಲಿಲ್ಲ. "ಇನ್ನೊಂದು ಸುಳ್ಳು ಸಂಖ್ಯೆ ಬರೆದ್ರೆ ಮಾರನೇ ದಿನ ಗೇಟಿನೊಳಗೆ ಬರ್ಬೇಡ."

ಅದಾದ ವಾರಕ್ಕೆ ಅವರು ಪರದೇಶದ ಗೆಳೆಯರು ಕಳಿಸಿದ ಒಂದು ಗೇಣು ತಂತಿ ತಂದರು. ಬಳೆಯಂತೆ ಬಗ್ಗಿಸಿ ಬಿಸಿನೀರಿಗೆ ಹಾಕಿದರು. ತಂತಿ ನಿದ್ದೆಗಣ್ಣಲ್ಲಿ ಮೈಮುರಿದಂತೆ ಹೊರಳಿ ನೆಟ್ಟಗಾಯಿತು.

"ಇದಕ್ಕೆ ತನ್ನ ಆಕಾರ ನೆನಪಿರುತ್ತೆ. ಬಗ್ಗಿಸು, ಅದ್ದು, ಎಣಿಸು. ಇರೋದು ಇದೊಂದೇ ತುಂಡು, ಹಮೀದ್."

ಹಮೀದ ಸ್ಟೋವ್ ಹಚ್ಚಿದ. ನೂರಾದರೆ ಡಬ್ಬಿಗೊಂದು ಹುಣಿಸೆಬೀಜ. "ಎಲೈ ಸುಂದರಿ, ಎಷ್ಟು ಬಗ್ಗಿಸಿದರೂ ಬಾಗದವಳೇ" ಎಂದು ತಂತಿಗೆ ಶುರುಮಾಡಿದವನು, ಮೂರನೇ ಬೀಜದ ಹೊತ್ತಿಗೆ ಮಾತು ಮರೆತ.

ಪಕ್ಕದ ಮೇಜಿನ ರಂಗಪ್ಪ ಕೆಣಕಿದ. "ಯಾಕೋ ಮಾರಾಯ, ಇಕ್ಕಳ ಕಳೆದುಹೋಯ್ತಾ?"

"ಇಲ್ಲೇ ಇದೆ ರಂಗಪ್ಪಣ್ಣ. ಇದು ಏಳೋದು ನೋಡಿದ್ರೆ ಕತ್ತರಿಸೋಕೆ ಮನಸ್ಸು ಬರಲ್ಲ."

ದಿನಗಳು ಹಬೆಯಲ್ಲಿ ತೇಲಿದವು. ಕಿಟಕಿಯಾಚೆಯ ಚಿಮಣಿಗಳೂ ಮೆತ್ತಗೆ ಬಾಗಿ, ಮತ್ತೆ ನೆನಪಾದಂತೆ ನೆಟ್ಟಗೆ ನಿಲ್ಲುತ್ತಿದ್ದವು. ಸಂಜೆ ಜನ್ನಾಪುರದ ಬಸ್ಸು ತಿರುವಿನಲ್ಲಿ ವಾಲಿದಾಗ, ಇನ್ನೇನು ರಸ್ತೆ ತಾನಾಗಿ ನೆಟ್ಟಗಾಗುತ್ತದೆಂದು ಹಮೀದ ಕಾದು ಕೂರುತ್ತಿದ್ದ.

ಇಪ್ಪತ್ತು ಬೀಜ ದಾಟಿದ ಮೇಲೆ ತಂತಿಗೆ ಮರೆವು ಹತ್ತಿತು. ನೀರಿಗೆ ಬಿದ್ದರೂ ನಡುವಿನಲ್ಲೊಂದು ಸಣ್ಣ ಡೊಂಕು ಉಳಿಯುತ್ತಿತ್ತು. ಹನ್ನೊಂದನೇ ದಿನ ಅದು ಅವನ ಬೆರಳುಗಳ ನಡುವೆ ಸದ್ದಿಲ್ಲದೆ ಎರಡಾಯಿತು.

ಡಬ್ಬಿ ಸುರಿದು ಎಣಿಸಿದ. ಇಪ್ಪತ್ಮೂರು ಬೀಜ, ಮೇಲೆ ಹದಿನೇಳು. ಮತ್ತೊಮ್ಮೆ ಎಣಿಸಿದ. ಗುರುವಾರ ಚಹಾ ಬಂದಾಗ ಬೀಜ ಹಾಕಿದ್ದನೋ ಇಲ್ಲವೋ? ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಅನುಮಾನವಿದೆ ಅಂದರೆ, ಇವನದು ಹಳೇ ಆಟವೇ ಎಂದು ಗೇಟು ತೋರಿಸುತ್ತಾರೆ. ಬಹಳ ಹೊತ್ತು ಪೆನ್ನು ಹಿಡಿದು ಕೂತು ಬರೆದ: 2317. ಪಕ್ಕದಲ್ಲೇ ಸೇರಿಸಿದ: ಗುರುವಾರದ ಒಂದು ನೂರು ಬಿಟ್ಟುಹೋಗಿರಬಹುದು.

ಕೊಟ್ರಬಸಪ್ಪ ಎರಡು ಸಲ ಓದಿದರು. ಮುರಿದ ತುದಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣು ಹಚ್ಚಿದರು.

"ಇಕ್ಕಳ ಮುಟ್ಟಿಸಿಲ್ಲ ನೀನು," ಎಂದರು ಕೊನೆಗೆ. "ನಾಳೆಯೂ ಕೆಲಸಕ್ಕೆ ಬಾ. ಈಗ ಇಲ್ಲಿ ನೋಡು."

ಹಮೀದ ಬಗ್ಗಿ ನೋಡಿದ. ಹೊಳೆ ಇಳಿದ ಮೇಲೆ ಮರಳಿನಲ್ಲಿ ಉಳಿದಂತೆ ಗೆರೆ, ಗೆರೆಯ ಪಕ್ಕ ಗೆರೆ. ಬಗ್ಗಿಸಿದಂತೆಲ್ಲ ಒಂದೊಂದೇ ಹೆಜ್ಜೆ ಒಳಗೆ ಸರಿದ ಬಿರುಕು, ಕೊನೆಯಲ್ಲಿ ಮಾತ್ರ ಒರಟಾಗಿ ಹರಿದಿತ್ತು.

"ಏನೋ, ಡೈಲಾಗ್ ಇಲ್ವಾ ಇವತ್ತು?" ಎಂದರು ಕೊಟ್ರಬಸಪ್ಪ, ಸಹಿ ಹಾಕುತ್ತ.

ಹಮೀದ ತಲೆಯೆತ್ತಲಿಲ್ಲ. "ಸ್ವಲ್ಪ ಇರಿ ಸಾರ್, ನೋಡ್ತಾ ಇದ್ದೀನಿ."