ಗೋಣಿಹಳ್ಳದ ಸೇತುವೆಗೆ ಒಂದು ಅನುಬಂಧ

ಶಿವಮೊಗ್ಗ-ಭದ್ರಾವತಿ ರಸ್ತೆಯ ಮಾಚೇನಹಳ್ಳಿಯಿಂದ ನಾಲ್ಕು ಕಿಲೋಮೀಟರ್ ಒಳಗೆ, ಗೋಣಿಹಳ್ಳದ ಮೇಲೆ ಕಟ್ಟಿದ್ದ ಸೇತುವೆ ಉದ್ಘಾಟನೆಯಾದ ಹನ್ನೊಂದನೇ ತಿಂಗಳಿಗೆ ನಡುವಿನ ಕಂಬದ ಸಮೇತ ಕುಸಿದು ಬಿತ್ತು. ಜುಲೈ ಕೊನೆಯ ವಾರ, ಬೆಳಿಗ್ಗೆ ಒಂಬತ್ತೂವರೆ. ಆಗ ಅದರ ಮೇಲಿದ್ದದ್ದು ರೂಪೇಶನ ಲಾರಿ ಒಂದೇ. ಅದರಲ್ಲಿ ಯಾವುದೋ ವರ್ಕ್‌ಶಾಪಿಗೆ ಸೇರಿದ ಆರು ಟನ್ ಎರಕದ ಬಿಡಿಭಾಗಗಳಿದ್ದವು. ಲಾರಿ ಒಂಬತ್ತು ಟನ್ ಹೊರುವಂಥದ್ದು. ರೂಪೇಶನ ಬಲಗಾಲು ಎರಡು ಕಡೆ ಮುರಿಯಿತು.

ಸರ್ಕಾರದ ಕೆಲಸ ನಿಧಾನ ಎನ್ನುವವರು ಅಂದು ಗೋಣಿಹಳ್ಳಕ್ಕೆ ಬಂದು ನೋಡಬೇಕಿತ್ತು. ಸಂಜೆಯೊಳಗೆ ಸೇತುವೆಯ ಉಳಿದ ತುದಿಯಲ್ಲಿ ‘ಭಾರಿ ವಾಹನಗಳಿಗೆ ಪ್ರವೇಶವಿಲ್ಲ’ ಎಂಬ ಬೋರ್ಡು ಎದ್ದು ನಿಂತಿತ್ತು. ಅಕ್ಷರಗಳು ಇನ್ನೂ ಅಂಟಂಟಾಗಿದ್ದವು. ಮರುದಿನ ಪೊಲೀಸರು ಆಸ್ಪತ್ರೆಗೆ ಬಂದು, ಎಚ್ಚರಿಕೆಯ ಬೋರ್ಡನ್ನು ಲೆಕ್ಕಿಸದೆ ಅತಿಭಾರ ಹೇರಿಕೊಂಡು ಹೋಗಿ ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದ್ದಾನೆಂದು ಹಾಸಿಗೆಯಲ್ಲಿದ್ದ ರೂಪೇಶನ ಮೇಲೆ ಕೇಸು ದಾಖಲಿಸಿದರು. ಅವನ ಲೈಸೆನ್ಸನ್ನೂ ತೆಗೆದುಕೊಂಡು ಹೋದರು. ಆ ಕಾಲಿನಲ್ಲಿ ಅವನು ಸದ್ಯಕ್ಕೆ ಯಾವ ಬ್ರೇಕನ್ನೂ ಒತ್ತುವಂತಿರಲಿಲ್ಲ ಎಂಬುದು ಬೇರೆ ಮಾತು.

ತನಿಖೆಗೆ ಮೂವರ ಸಮಿತಿ ರಚನೆಯಾಯಿತು. ಅಧ್ಯಕ್ಷರು ಇಲಾಖೆಯ ಕಾರ್ಯಪಾಲಕ ಎಂಜಿನಿಯರ್ ವಿಜಯಕುಮಾರ್. ಈ ಸೇತುವೆಯ ಬಗ್ಗೆ ಅವರಷ್ಟು ತಿಳಿದವರು ಜಿಲ್ಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅದನ್ನು ಕಟ್ಟಿಸಿದವರೂ ಅವರೇ, ಕೆಲಸ ತೃಪ್ತಿಕರವಾಗಿದೆ ಎಂದು ಸಹಿ ಹಾಕಿದವರೂ ಅವರೇ. ಉಳಿದ ಇಬ್ಬರು ಸದಸ್ಯರು ಅವರ ಕೈಕೆಳಗಿನವರು. ಹೀಗಾಗಿ ಸಮಿತಿಯಲ್ಲಿ ಭಿನ್ನಾಭಿಪ್ರಾಯ ಬರುವ ಅಪಾಯವಿರಲಿಲ್ಲ.

ಮೂರು ವಾರದಲ್ಲಿ ವರದಿ ಸಿದ್ಧವಾಯಿತು. ಚಾಲಕನ ಅತಿಭಾರವೇ ಕಾರಣ ಎಂದು ಅದು ಒಂಬತ್ತು ಪುಟಗಳಲ್ಲಿ ಕಂಡುಹಿಡಿದಿತ್ತು. ಆದರೆ ಮೇಲಿನವರು ಅದನ್ನು ವಾಪಸು ಕಳಿಸಿದರು. ಅವರ ಆಕ್ಷೇಪ ತೀರ್ಮಾನದ ಬಗ್ಗೆ ಆಗಿರಲಿಲ್ಲ, ದಪ್ಪದ ಬಗ್ಗೆ. ಬಿದ್ದದ್ದು ಇಷ್ಟು ದೊಡ್ಡ ಸೇತುವೆ, ವರದಿ ಮದುವೆ ಆಮಂತ್ರಣದ ಹಾಗಿದ್ದರೆ ಜನ ಏನೆಂದುಕೊಳ್ಳುತ್ತಾರೆ ಎಂದು ಕೇಳಿದ್ದರು.

ವಿಜಯಕುಮಾರರಿಗೆ ಆಗ ನೆನಪಾದವರು ಶರಾವತಿ. ಶಿವಮೊಗ್ಗದ ವಿದ್ಯಾನಗರದಲ್ಲಿ ಅವರ ಮನೆಯ ಎದುರು ಸಾಲಿನಲ್ಲೇ ಇದ್ದ ಆಕೆ, ಕಾಲೇಜಿನಲ್ಲಿ ಚರಿತ್ರೆಯ ಅಧ್ಯಾಪಕಿ. ಐವತ್ತೆರಡು ವರ್ಷ. ಅಪ್ಪ ಸಂಸ್ಕೃತ ಪಂಡಿತರು. ಒಂದು ಪದ ತಪ್ಪಾದರೂ ಮೊದಲಿಂದ ಹೇಳಿಸುತ್ತಿದ್ದ ಅವರ ಅಭ್ಯಾಸ ಮಗಳಿಗೂ ಬಂದಿತ್ತು. ಊರಿನ ಸ್ಮರಣ ಸಂಚಿಕೆಗಳಿಗೆಲ್ಲ ಲೇಖನ ಬರೆಯುವವರು ಅವರೇ. ಆ ಲೇಖನಗಳು ಉದ್ದವಾಗಿರುತ್ತಿದ್ದವು ಎಂಬುದಷ್ಟೇ ವಿಜಯಕುಮಾರರಿಗೆ ತಿಳಿದಿದ್ದ ವಿಷಯ.

ಒಂದು ಭಾನುವಾರ ಶರಾವತಿಯ ಮನೆಗೆ ಬಂದು ಕಾಫಿ ಕುಡಿಯುತ್ತಾ ವಿಜಯಕುಮಾರ್ ತಮ್ಮ ಬೇಡಿಕೆ ಹೇಳಿದರು. ಜಗತ್ತಿನಲ್ಲಿ ಹಿಂದೆ ಬಿದ್ದ ಸೇತುವೆಗಳು, ಅವುಗಳ ಕಾರಣಗಳು: ಈ ವಿಷಯದ ಮೇಲೆ ವರದಿಗೆ ಒಂದು ಅನುಬಂಧ ಬೇಕು. ಅಮೆರಿಕದಲ್ಲೂ ಬಿದ್ದಿವೆ, ಇಂಗ್ಲೆಂಡಿನಲ್ಲೂ ಬಿದ್ದಿವೆ, ಮುಂದುವರಿದ ದೇಶಗಳಲ್ಲಿ ಇದು ನಡೆಯುವಂಥದ್ದೇ ಎಂದು ಓದಿದವರಿಗೆ ಅನ್ನಿಸಬೇಕು. ಅಂದರೆ ಗೋಣಿಹಳ್ಳವೂ ಈಗ ಆ ಸಾಲಿಗೆ ಸೇರಿದೆ ಎಂದಾಯಿತು.

“ಎಷ್ಟು ಪುಟ ಬರೀಲಿ?” ಎಂದು ಶರಾವತಿ ಕೇಳಿದರು.

“ನಿಮ್ಮಿಷ್ಟ ಮೇಡಂ. ಕಮ್ಮಿ ಮಾತ್ರ ಮಾಡ್ಬೇಡಿ.”

ಶರಾವತಿ ಕೆಲಸವನ್ನು ಶ್ರದ್ಧೆಯಿಂದ ಕೈಗೆತ್ತಿಕೊಂಡರು. ಬರೆಸಿದವರು ಎಣಿಸಿರದ ತೊಂದರೆ ಇದೊಂದೇ. 1907ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಕಟ್ಟುತ್ತಿರುವಾಗಲೇ ಬಿದ್ದ ಸೇತುವೆಯ ಕಥೆ ಅವರು ಓದಿದರು. ಉಕ್ಕಿನ ತೂಕವನ್ನು ಕಡಿಮೆ ಅಂದಾಜು ಮಾಡಿದ್ದರು. ತಳದ ತೊಲೆಗಳು ಬಾಗುತ್ತಿರುವುದನ್ನು ಸ್ಥಳದಲ್ಲಿದ್ದವರು ವಾರಗಳಿಂದ ನೋಡಿದ್ದರು. ಒಬ್ಬ ಎಂಜಿನಿಯರ್ ಅದನ್ನು ಹೇಳಲು ನ್ಯೂಯಾರ್ಕಿನವರೆಗೆ ಹೋಗಿದ್ದ. ಕೆಲಸ ನಿಲ್ಲಿಸಿ ಎಂಬ ತಂತಿ ಸಂದೇಶ ಸೇತುವೆಗೆ ತಲುಪುವುದರೊಳಗೆ ಎಪ್ಪತ್ತೈದು ಕೆಲಸಗಾರರು ಸತ್ತಿದ್ದರು. 1940ರಲ್ಲಿ ಅಮೆರಿಕದ ಟಕೋಮಾದಲ್ಲಿ ಬಿದ್ದ ತೂಗುಸೇತುವೆ ಮೊದಲ ದಿನದಿಂದಲೇ ಗಾಳಿಗೆ ಕುಣಿಯುತ್ತಿತ್ತು. ಜನ ಮೋಜಿಗೆಂದು ಅದರ ಮೇಲೆ ಕಾರು ಓಡಿಸುತ್ತಿದ್ದರು. ನಾಲ್ಕು ತಿಂಗಳಿಗೆ ಬಿತ್ತು. ಸತ್ತದ್ದು ಒಂದು ನಾಯಿ. ಓದುತ್ತಾ ಹೋದಂತೆ ಶರಾವತಿಗೆ ಕಸಿವಿಸಿಯಾಯಿತು. ಯಾವ ಸೇತುವೆಯೂ ಸುಮ್ಮನೆ ಬಿದ್ದಿರಲಿಲ್ಲ. ಹೆಚ್ಚಿನವುಗಳ ದೋಷವನ್ನು ಯಾರಾದರೊಬ್ಬರು ಮೊದಲೇ ನೋಡಿದ್ದರು, ಹೇಳಿದ್ದರು.

ಸ್ಕಾಟ್ಲೆಂಡಿನ ಟೇ ನದಿಯ ಸೇತುವೆಗೆ ಬಂದಾಗ ಅವರು ನಿಂತರು. 1879ರ ಬಿರುಗಾಳಿಯಲ್ಲಿ ರೈಲಿನ ಸಮೇತ ಅದು ಬಿದ್ದಿತ್ತು. ಅದರ ಎರಕದ ಕಂಬಗಳಲ್ಲಿದ್ದ ತೂತುಗಳಿಗೆ ಮೇಣ, ಕಬ್ಬಿಣದ ಪುಡಿ, ರಾಳ, ಕಾಡಿಗೆ ಕಲಸಿ ಮೆತ್ತಿದ್ದರೆಂದು ಪುಸ್ತಕ ಹೇಳುತ್ತಿತ್ತು. ಎರಕದಲ್ಲಿ ತೂತು ಹೇಗೆ ಬರುತ್ತದೆ? ಮೆತ್ತಿದ್ದು ಕಾಣುವುದಿಲ್ಲವೇ? ತಿಳಿಯದ್ದನ್ನು ಬರೆಯಲು ಮನಸ್ಸಾಗದೆ ಅವರು ಭದ್ರಾವತಿಯ ಬಸ್ಸು ಹತ್ತಿದರು. ಕಾಲೇಜಿನ ಗ್ರಂಥಪಾಲಕರು ತಮ್ಮ ನೆರೆಮನೆಯ ಮಾರಪ್ಪನ ವಿಳಾಸ ಕೊಟ್ಟಿದ್ದರು. ಕಬ್ಬಿಣದ ಎರಕದ ಕೆಲಸದಲ್ಲಿ ಮೂವತ್ತೈದು ವರ್ಷ ಕಳೆದು ನಿವೃತ್ತನಾದ ಮನುಷ್ಯ.

ಮಾರಪ್ಪ ಪುಸ್ತಕದ ಸಾಲುಗಳನ್ನು ಕೇಳಿ ಮೆಲ್ಲಗೆ ನಕ್ಕ. ಅಚ್ಚಿಗೆ ಹೊಯ್ದ ಕರಗಿದ ಕಬ್ಬಿಣದೊಳಗೆ ಗಾಳಿ ಸಿಕ್ಕಿಕೊಂಡರೆ ತೂತಾಗುತ್ತದೆ, ಅಂಥದ್ದನ್ನು ಒಡೆದು ಮತ್ತೆ ಕರಗಿಸಬೇಕು, ಮೆತ್ತಿ ಬಣ್ಣ ಹೊಡೆದರೆ ಯಾರಿಗೂ ಕಾಣುವುದಿಲ್ಲ ಎಂದು ವಿವರಿಸಿದ. ಸುತ್ತಿಗೆಯಲ್ಲಿ ತಟ್ಟಿದರೆ ಮಾತ್ರ ಸದ್ದು ಬೇರೆಯಾಗುತ್ತದಂತೆ. ಆಮೇಲೆ ಇದೆಲ್ಲ ಯಾತಕ್ಕೆ ಎಂದು ಕೇಳಿದ. ಶರಾವತಿ ಗೋಣಿಹಳ್ಳದ ಹೆಸರು ಹೇಳಿದಾಗ ಅವನ ನಗು ನಿಂತಿತು. ಹಳ್ಳದ ಆಚೆಗೆ ಅವನದೊಂದು ಎಕರೆ ಜಮೀನಿತ್ತು. ದಿನಾ ಮೊಪೆಡ್ಡಿನಲ್ಲಿ ಅದೇ ಸೇತುವೆ ದಾಟುತ್ತಿದ್ದವನು ಅವನು.

“ಅದು ಲಾರಿಗೆ ಬಿದ್ದಿದ್ದಲ್ಲ ಮೇಡಂ. ನಾನು ಆಗ್ಲೇ ಬರೆದು ಕೊಟ್ಟಿದ್ದೆ.”

ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಿಂದ ಒಂದು ಅರ್ಜಿಯ ನಕಲು ತಂದ. ಬೇಸಿಗೆಯಲ್ಲಿ ಸೇತುವೆಗೆ ಕೂಡುವ ರಸ್ತೆಯ ಕಾಂಕ್ರೀಟಿಗೆ ಮರಳು ಸಾಲದೆ ಬಂದಾಗ, ಕಂಟ್ರಾಕ್ಟರು ದೂರ ಹೋಗಿರಲಿಲ್ಲ. ಮೂರು ವಾರ ಜೆಸಿಬಿ ನಿಲ್ಲಿಸಿ ನಡುವಿನ ಕಂಬದ ಬುಡದಿಂದಲೇ ಮರಳು ಎತ್ತಿದ್ದ. ಸೇತುವೆಗೆ ಬೇಕಾದ ಮರಳನ್ನು ಸೇತುವೆಯೇ ಒದಗಿಸಿತ್ತು. ಮೊದಲ ಮಳೆಗೆ ನೀರು ಆ ಗುಂಡಿಗೆ ತಿರುಗಿ ಬುನಾದಿಯ ಕೆಳಗಿನ ಮಣ್ಣನ್ನು ತಿನ್ನತೊಡಗಿತ್ತು. ಮಾರಪ್ಪ ಅಡಿಕೆ ಕೀಳುವ ದೋಟಿಯನ್ನು ಇಳಿಸಿ ನೋಡಿದ್ದ. ಹದಿನೈದು ಅಡಿಗೂ ನೆಲ ಸಿಕ್ಕಿರಲಿಲ್ಲ. ಜೂನ್ ಒಂಬತ್ತಕ್ಕೆ ಅರ್ಜಿ ಬರೆದು, ಫೋನಿನಲ್ಲಿ ತೆಗೆದ ನಾಲ್ಕು ಫೋಟೋ ಪ್ರಿಂಟು ಹಾಕಿಸಿ, ಇಲಾಖೆಗೆ ಕೊಟ್ಟು ಮೊಹರು ಒತ್ತಿಸಿಕೊಂಡು ಬಂದಿದ್ದ. ಅದಕ್ಕೆ ಉತ್ತರವೂ ಬಂದಿತ್ತು. ಅರ್ಜಿಯನ್ನು ಸಂಬಂಧಪಟ್ಟವರಿಗೆ ಕಳಿಸಲಾಗಿದೆ ಎಂದು. ಸಂಬಂಧಪಟ್ಟವರು ಯಾರೆಂದು ಪತ್ತೆಯಾಗುವ ಮೊದಲೇ ಕಂಬ ಬಿದ್ದಿತ್ತು.

ಶರಾವತಿ ಮರಳುವ ದಾರಿಯಲ್ಲಿ ಆಸ್ಪತ್ರೆಯಲ್ಲಿ ಇಳಿದು ರೂಪೇಶನನ್ನು ನೋಡಿದರು. ಪರಿಚಯವಿಲ್ಲದ ಹೆಂಗಸು ಬಂದು ನಿಂತಾಗ ಅವನು ಇನ್ನೊಂದು ಕೇಸು ಎಂದುಕೊಂಡು ಗಾಬರಿಯಾದ. ತಾನು ಬೋರ್ಡು ನೋಡಲಿಲ್ಲವೆಂದು ಹೇಳಿದ್ದಕ್ಕೆ, ನೋಡದೆ ಓಡಿಸಿದ್ದೇ ನಿರ್ಲಕ್ಷ್ಯ ಎಂದು ಪೊಲೀಸರು ಬರೆದುಕೊಂಡರಂತೆ.

“ಇರ್ಲಿಲ್ಲ ಮೇಡಂ, ಇದ್ದಿದ್ರೆ ನೋಡ್ತಿದ್ನಲ್ಲ” ಎಂದು ಅವನು ಎರಡು ಸಲ ಹೇಳಿದ. ಆ ಮಾತು ಅವರನ್ನು ಬಹಳ ದಿನ ಬಿಡಲಿಲ್ಲ.

ವರದಿಗೆ ಏಳನೆಯದಾಗಿ ಸೇರಿದ ಅವರ ಅನುಬಂಧ ಐವತ್ತೆಂಟು ಪುಟವಾಯಿತು. ಟೇ, ಕ್ವಿಬೆಕ್, ಟಕೋಮಾ ಎಲ್ಲ ಕ್ರಮವಾಗಿ ಬಂದು ಕೊನೆಗೆ ಗೋಣಿಹಳ್ಳ. ಕಾರಣ: ಬುನಾದಿಯ ಬುಡದಿಂದ ಮರಳು ತೆಗೆದದ್ದು. ಮೊದಲೇ ಹೇಳಿದವರು: ಮಾರಪ್ಪ, ಜೂನ್ 9. ಅರ್ಜಿಯ ನಕಲು, ಫೋಟೋಗಳು, ಇಲಾಖೆಯ ಉತ್ತರ ಎಲ್ಲವನ್ನೂ ಅವರು ಜೊತೆಗಿಟ್ಟರು. ಕದ್ದುಮುಚ್ಚಿ ಏನನ್ನೂ ಮಾಡಲಿಲ್ಲ. ಕಡತವನ್ನು ವಿಜಯಕುಮಾರರ ಕೈಗೇ ಕೊಟ್ಟು, ಕೊನೆಯಲ್ಲಿ ನಮ್ಮ ಸೇತುವೆಯನ್ನೂ ಸೇರಿಸಿದ್ದೇನೆ, ಒಮ್ಮೆ ಓದಿ ಎಂದರು. ವಿಜಯಕುಮಾರ್ ಕಡತವನ್ನು ಅಂಗೈಯಲ್ಲಿ ತೂಗಿ ನೋಡಿ ಸಂತೋಷಪಟ್ಟರು. ನಮ್ಮ ಸೇತುವೆಯೂ ಅಮೆರಿಕದ ಸಾಲಿನಲ್ಲಿ ಬಂದದ್ದು ಅವರಿಗೆ ಹಿಡಿಸಿತು.

ಉಳಿದ ಆರು ಅನುಬಂಧಗಳೂ ಸೇರಿ ಇನ್ನೂರ ಹನ್ನೆರಡು ಪುಟವಾದ ವರದಿಗೆ ಮೂವರು ಸದಸ್ಯರೂ ಪ್ರತಿ ಪುಟದಲ್ಲಿ ಸಹಿ ಹಾಕಿದರು. ಅದಕ್ಕೆ ಎರಡು ದಿನ ಹಿಡಿಯಿತು, ಒಬ್ಬರಿಗೆ ಕೈ ನೋವೂ ಬಂತು. ಮೇಲಿನವರು ಈ ಸಲ ಮೆಚ್ಚಿಕೊಂಡರು. ಶರಾವತಿಗೆ ಒಂದು ಶಾಲು, ಹಣ್ಣಿನ ಬುಟ್ಟಿ ಬಂತು.

ಆ ಪುಟಗಳನ್ನು ಮೊದಲು ಓದಿದವಳು ಶರಣ್ಯಾ, ಭದ್ರಾವತಿಯಲ್ಲಿ ರೂಪೇಶನ ಪರ ನಿಂತಿದ್ದ ಯುವ ವಕೀಲೆ. ಮಾಹಿತಿ ಹಕ್ಕಿನಲ್ಲಿ ವರದಿ ತರಿಸಿಕೊಂಡ ಅವಳು ನ್ಯಾಯಾಲಯದಲ್ಲಿ ಹೆಚ್ಚೇನೂ ವಾದಿಸಲಿಲ್ಲ. ಒಂಬತ್ತನೇ ಪುಟದಲ್ಲಿ ಚಾಲಕನೇ ಕಾರಣ ಎಂದಿದೆ, ಇನ್ನೂರ ಒಂದನೇ ಪುಟದಲ್ಲಿ ಮರಳು ಕಾರಣ ಎಂದಿದೆ, ಎರಡರ ಕೆಳಗೂ ಅದೇ ಮೂರು ಸಹಿ, ಸಮಿತಿ ಯಾವುದನ್ನು ನಂಬುತ್ತದೆ ಎಂದು ಕೇಳಿದಳು. ಬೋರ್ಡು ಬರೆಸಿದ ಬಿಲ್ಲಿನ ತಾರೀಕನ್ನೂ ತೋರಿಸಿದಳು. ಸೇತುವೆ ಬಿದ್ದ ದಿನದ್ದೇ. ಏಪ್ರಿಲ್‌ನಲ್ಲಿ ರೂಪೇಶನ ಮೇಲಿನ ಕೇಸು ಬಿದ್ದುಹೋಯಿತು.

ಅದೇ ವಾರ ವಿಜಯಕುಮಾರ್ ಶರಾವತಿಯ ಮನೆಗೆ ಬಂದರು. ಕಾಫಿ ಬೇಡವೆಂದರು.

“ಮೇಡಂ, ಹೀಗಿದೆ ಅಂತ ನನಗೆ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ದೆನಲ್ಲ. ಓದಿ ಅಂತಾನೂ ಹೇಳಿದ್ದೆ.”

“ಅನುಬಂಧ ಯಾರು ಓದ್ತಾರೆ?” ಅವರ ದನಿಯಲ್ಲಿ ಕೋಪಕ್ಕಿಂತ ನಿಜವಾದ ನೋವಿತ್ತು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಯಾರೂ ತಮಗೆ ಹೀಗೆ ಮಾಡಿರಲಿಲ್ಲ ಎಂದು ಹೇಳಿಕೊಂಡರು. ಶರಾವತಿಗೆ ಒಂದು ಗಳಿಗೆ ಅವರ ಬಗ್ಗೆ ಕನಿಕರವೂ ಬಂತು. ಅರ್ಜಿ ಅವರ ಮೇಜಿನ ಮೇಲೆ ಎಷ್ಟು ದಿನ ಇತ್ತೆಂದು ಕೇಳಿದರು. ವಿಜಯಕುಮಾರ್ ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಇಲಾಖೆ ಇನ್ನೊಂದು ಸಮಿತಿ ರಚಿಸಿತು. ಸೇತುವೆ ಏಕೆ ಬಿತ್ತು ಎಂಬುದು ಅದರ ವಿಷಯವಲ್ಲ. ಅನಧಿಕೃತ ಅಭಿಪ್ರಾಯ ಅಧಿಕೃತ ವರದಿಯೊಳಗೆ ನುಸುಳಿದ್ದು ಹೇಗೆ ಎಂಬುದು. ವಿಜಯಕುಮಾರ್ ಬೇರೆ ಜಿಲ್ಲೆಗೆ ವರ್ಗವಾದರು. ಅಲ್ಲಿ ಸೇತುವೆಗಳು ಹೆಚ್ಚು.

ಜೂನ್‌ನಲ್ಲಿ ರೂಪೇಶ ಮತ್ತೆ ವಾಹನ ಹತ್ತಿದ. ಈಗ ಅವನು ಓಡಿಸುವುದು ಬೇರೆಯವರ ಚಿಕ್ಕ ಗೂಡ್ಸ್ ಗಾಡಿ. ಸ್ವಲ್ಪ ಕುಂಟುತ್ತಾನೆ. ಒಂದು ಶನಿವಾರ ಭದ್ರಾವತಿಗೆ ಹೊರಟಿದ್ದ ಶರಾವತಿಯನ್ನು ಬಸ್ ಸ್ಟಾಪಿನಲ್ಲಿ ಕಂಡು, ಬನ್ನಿ ಮೇಡಂ, ಆ ಕಡೆಗೇ ಹೋಗ್ತಿದೀನಿ ಎಂದು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡ. ದಾರಿಯುದ್ದಕ್ಕೂ ಮಗಳ ಶಾಲೆಯ ಬಗ್ಗೆ ಮಾತಾಡುತ್ತಿದ್ದವನು ಒಂದು ಸಣ್ಣ ಹಳ್ಳದ ಸೇತುವೆ ಬಂದಾಗ ಮಾತು ನಿಲ್ಲಿಸಿ, ಗಾಡಿಯನ್ನು ಪಕ್ಕಕ್ಕೆ ಹಾಕಿದ.

“ಎರಡೇ ನಿಮಿಷ, ಕೆಳಗೆ ಒಂಚೂರು ನೋಡ್ಕೊಂಡು ಬರ್ತೀನಿ.”

ಅವನು ದಂಡೆ ಇಳಿದು ಬಗ್ಗಿ ಕಂಬದ ಬುಡ ನೋಡುತ್ತಿದ್ದ. ಹಿಂದಿನ ಬಸ್ಸಿನವನು ಹಾರನ್ ಹೊಡೆದ, ಮತ್ತೊಬ್ಬ ಬೈದುಕೊಂಡು ದಾಟಿ ಹೋದ. ಶರಾವತಿ ಗಡಿಯಾರ ನೋಡಲಿಲ್ಲ. ಬಾಗಿಲು ತೆರೆದು, ಸೀರೆಯ ನೆರಿಗೆ ಹಿಡಿದುಕೊಂಡು ತಾವೂ ದಂಡೆ ಇಳಿದರು.