ಮುಂಗಡ ಕಟ್ಟಿದ ಕರೆಂಟು

ಫ್ರೀಜರ್ ಪೆಟ್ಟಿಗೆಯ ಪ್ಲಗ್ಗನ್ನು ಗೋಡೆಗೆ ಸಿಕ್ಕಿಸಿ ಮಿಥುನ್ ಸ್ವಿಚ್ ಒತ್ತಿದ. ಪೆಟ್ಟಿಗೆ ಒಮ್ಮೆ ಗುರುಗುಟ್ಟಿತು. ಮರುಗಳಿಗೆಯಲ್ಲಿ ಮನೆಯ ಕರೆಂಟೆಲ್ಲ ಹೋಯಿತು. ಫ್ಯಾನು ತಿರುಗಿ ತಿರುಗಿ ನಿಂತಿತು. ಒಳಕೋಣೆಯಲ್ಲಿ ಅಮ್ಮನ ಆಕ್ಸಿಜನ್ ಯಂತ್ರ ಕೀಚಲು ದನಿಯಲ್ಲಿ ಕೂಗತೊಡಗಿತು.

ಪೆಟ್ಟಿಗೆಯೊಳಗೆ ಅಪ್ಪ ಕಾಂತಪ್ಪ ಮಲಗಿದ್ದರು. ಬೆಳಿಗ್ಗೆ ಕಾಫಿ ಸೋಸುತ್ತಿದ್ದವರು ಎದೆ ಹಿಡಿದುಕೊಂಡು ಅಡುಗೆಮನೆಯಲ್ಲೇ ಕುಸಿದು ತೀರಿಕೊಂಡಿದ್ದರು. ಅವರ ತಮ್ಮ ವಿಶ್ವನಾಥ ಉಡುಪಿ ಕಡೆಯಿಂದ ಬಂದು ತಲುಪಲು ಸಂಜೆಯಾಗುತ್ತದೆ. ಚೆನ್ನೈಯ ಮೇ ತಿಂಗಳ ಸೆಕೆಯಲ್ಲಿ ಅಷ್ಟು ಹೊತ್ತು ಪೆಟ್ಟಿಗೆಯಿಲ್ಲದೆ ಆಗುವಂತಿರಲಿಲ್ಲ.

ಸೊಸೆ ಹರ್ಷಿಣಿ ಒಳಗೆ ಓಡಿ, ಮೂಲೆಯ ಸಣ್ಣ ಸಿಲಿಂಡರನ್ನು ಎಳೆದು ತಂದು ಅತ್ತೆ ಸರಸರ ಮೂಗಿನ ನಳಿಕೆಗೆ ಜೋಡಿಸಿದಳು. ಸಿಲಿಂಡರಿನ ಮುಳ್ಳು ಕೆಂಪು ಗೆರೆಯ ಹತ್ತಿರವೇ ಇತ್ತು. ಸರಸ ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದರು. ಮಾತಾಡುವ ಶಕ್ತಿ ಇರಲಿಲ್ಲ.

ಚರಣ್ ಹಿರಿಯ ಮಗ, ಹರ್ಷಿಣಿಯ ಗಂಡ. ಶೋಳಿಂಗನಲ್ಲೂರಿನ ಕಂಪನಿಯೊಂದರಲ್ಲಿ ಕೆಲಸ, ಮನೆಯೂ ಅಲ್ಲಿಯೇ. ಮಿಥುನ್ ಅಪ್ಪ ಅಮ್ಮನ ಜೊತೆ ಮೈಲಾಪೂರಿನ ಈ ಎರಡನೇ ಮಹಡಿಯಲ್ಲಿ ಉಳಿದವ. ವಡಪಳನಿಯಲ್ಲಿ ಟಿಫಿನ್ ಅಂಗಡಿ ಇಟ್ಟು, ವರ್ಷ ಮುಗಿಯುವುದರೊಳಗೆ ಬಾಗಿಲು ಹಾಕಿದ್ದ. ಈಗ ಒಂದು ಹೋಟೆಲಿನ ಕ್ಯಾಶಿನಲ್ಲಿ ಕೂರುತ್ತಿದ್ದ.

ಕರೆಂಟು ಹೋದದ್ದು ಈ ಮನೆಯೊಂದಕ್ಕೇ ಎಂದು ತಿಳಿದಾಗ ಚರಣನಿಗೆ ಮೊದಲು ಹೊಳೆದದ್ದು ಬಿಲ್ಲು. ಹಿಂದೆ ತಾನೇ ಬಿಲ್ಲು ಕಟ್ಟುತ್ತಿದ್ದ ದಿನಗಳ ಆ್ಯಪ್ ಫೋನಿನಲ್ಲಿ ಇನ್ನೂ ಇತ್ತು. ತೆರೆದು ನೋಡಿದವನ ಮುಖ ಕಪ್ಪಿಟ್ಟಿತು. ಒಂದು ಲಕ್ಷದ ಎಂಬತ್ತು ಸಾವಿರದ ಮೇಲೆ.

ಮಿಥುನ್ ಫ್ಯೂಸಿನ ತಂತಿ ಹುಡುಕಿಕೊಂಡು ಕೆಳಗಿನ ಮೀಟರ್ ಬೋರ್ಡಿಗೆ ಹೊರಟಿದ್ದ. ಚರಣ್ ಬಾಗಿಲಿಗೆ ಅಡ್ಡ ನಿಂತ.

"ಎಲ್ಲಿಗೆ ಡಾ? ಇಷ್ಟು ಬಾಕಿ ಇಟ್ಟುಕೊಂಡು ಫ್ಯೂಸ್ ಹಾಕಿದ್ರೆ ಕರೆಂಟು ಬರ್ತದಾ?"

"ಎಂತ ಬಾಕಿ?"

ಚರಣ್ ಫೋನನ್ನು ಅವನ ಮುಖದೆದುರು ಹಿಡಿದ. ಜಮಖಾನದ ಮೇಲೆ ಕೂತಿದ್ದ ನೆರೆಯವರು ತಲೆ ತಗ್ಗಿಸಿದರು. ಕಳೆದ ವರ್ಷ ಅಪ್ಪ ಬ್ಯಾಂಕಿನ ಡಿಪಾಸಿಟ್ಟು ಮುರಿಸಿದ್ದು ತನಗೆ ಗೊತ್ತುಂಟು, ಕೇಳಿದರೆ ಖರ್ಚಾಯಿತು ಅಂದರು, ಯಾರ ಅಂಗಡಿಗೆ ಖರ್ಚಾಯಿತು ಅಂತ ತಾನು ಬಾಯಿಬಿಟ್ಟು ಕೇಳಲಿಲ್ಲ, ಬಿಲ್ಲು ಕಟ್ಟಲಿಕ್ಕೆ ಅಪ್ಪ ಮಿಥುನನ ಕೈಗೆ ಕೊಟ್ಟ ದುಡ್ಡೂ ಹಾಗೆಯೇ ಹೋಯಿತೋ ಎಂದು ಚರಣ್ ಒಂದೇ ಸಮನೆ ಹೇಳಿದ. ದನಿ ಏರಿಸಲಿಲ್ಲ. ಅದಕ್ಕೇ ಅದು ಇನ್ನಷ್ಟು ಕೆಟ್ಟದಾಗಿ ಕೇಳಿಸಿತು.

"ಪೋದುಂ, ಸಾಕು. ನೀನು ಬಾಗಿಲು ಬಿಡು. ಅಮ್ಮನ ಸಿಲಿಂಡರ್ ಮುಗೀತಾ ಉಂಟು."

"ಮೊದಲು ಉತ್ತರ ಹೇಳು."

ಮಿಥುನ್ ಅಣ್ಣನ ಎದೆಗೆ ಕೈಯಿಟ್ಟು ನೂಕಿದ. ಚರಣ್ ಅವನ ಅಂಗಿಯ ಕಾಲರ್ ಹಿಡಿದುಕೊಂಡ. ಕಾಂತಪ್ಪನವರ ಜೊತೆ ಒಂದೇ ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದಿದ್ದ ಕಿಟ್ಟಣ್ಣ ಎದ್ದು ಬಂದು ಇಬ್ಬರ ನಡುವೆ ನಿಂತರು. ಅಷ್ಟರಲ್ಲಿ ಹರ್ಷಿಣಿ ಗಂಡನ ಕೈಯಿಂದ ಫೋನು ತೆಗೆದುಕೊಂಡು ನೋಡಿದಳು.

"ಚರಣ್, ಇದು ಮೈನಸ್. ಬಾಕಿ ಅಲ್ಲ. ಅಡ್ವಾನ್ಸ್. ಮಾವ ಜಾಸ್ತಿ ಕಟ್ಟಿದ್ದಾರೆ."

ಕಾಲರಿನ ಮೇಲಿನ ಬೆರಳುಗಳು ಸಡಿಲಿದವು. ಮಿಥುನ್ ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದ.

*

ಕಾಂತಪ್ಪ ಚೆನ್ನೈಗೆ ಬಂದದ್ದು ಮೀಸೆ ಮೂಡುವ ಮೊದಲು. ಲೋಟ ತೊಳೆದು, ಮೇಜು ಒರೆಸಿ, ಕೊನೆಗೆ ಕಾಫಿ ಸ್ಟಾಲಿಗೆ ಏರಿದರು. ಮಾತು ಕಡಿಮೆ. ಯಾರಲ್ಲೂ ಏನನ್ನೂ ಕೇಳಿದವರಲ್ಲ. ಮಾಲೀಕರು ಸಂಬಳ ಏರಿಸಲು ಮರೆತ ವರ್ಷಗಳಲ್ಲೂ ಸುಮ್ಮನಿದ್ದರು. ಸರಸ ಸೀಮೆಎಣ್ಣೆ ಒಲೆಯ ಮುಂದೆ ಕೂತು ಚಕ್ಕುಲಿ ಕರಿದು ಅಂಗಡಿಗಳಿಗೆ ಕೊಟ್ಟರು. ಆ ಹೊಗೆಯೋ ಏನೋ, ವಯಸ್ಸಾದಾಗ ಶ್ವಾಸಕೋಶ ಕೈಕೊಟ್ಟಿತು. ಯಂತ್ರ ಬಂತು.

ಬಿಲ್ಲು ಕಟ್ಟುವ ಕೆಲಸವನ್ನು ಚರಣ್ ವಹಿಸಿಕೊಂಡ. ಅಪ್ಪ ಬಿಸಿಲಲ್ಲಿ ಕ್ಯೂ ನಿಲ್ಲುವುದೇಕೆ, ಫೋನಿನಲ್ಲಿ ಒಂದು ನಿಮಿಷದ ಕೆಲಸ ಎಂದ. ಆಮೇಲೆ ಅವನಿಗೆ ಕೆಲಸ ಬದಲಾಯಿತು, ಕಾರ್ಡು ಬದಲಾಯಿತು. ಬಿಲ್ಲಿನ ಮೆಸೇಜುಗಳು ನೂರು ಮೆಸೇಜುಗಳ ಅಡಿಯಲ್ಲಿ ಹೋದವು.

ಕಳೆದ ವರ್ಷ ಒಂದು ದಿನ ಕಾಂತಪ್ಪ ಕಣ್ಣಿನ ಡಾಕ್ಟರ ಬಳಿ ಹೋಗಿದ್ದರು, ಜೊತೆಗೆ ಮಿಥುನ್. ಸರಸ ಒಬ್ಬರೇ. ಕರೆಂಟು ಕಡಿದವನು ಕೆಳಗಿನ ಬೋರ್ಡಿನಲ್ಲೇ ಕೆಲಸ ಮುಗಿಸಿ ಹೋದ. ಮೇಲೆ ಯಾರಿದ್ದಾರೆಂದು ಅವನಿಗೆ ತಿಳಿಯುವಂತಿರಲಿಲ್ಲ. ಸಿಲಿಂಡರ್ ಕೋಣೆಯ ಆ ತುದಿಯಲ್ಲಿತ್ತು. ಸರಸ ಮಂಚದಿಂದ ಇಳಿದು, ನೆಲದ ಮೇಲೆ ತೆವಳಿಕೊಂಡು, ಹೊಸ್ತಿಲವರೆಗೆ ಬಂದಿದ್ದರು. ಕಾಂತಪ್ಪ ಬೀಗ ತೆಗೆದಾಗ ಬಾಗಿಲು ಪೂರ್ತಿ ತೆರೆಯಲಿಲ್ಲ. ಹಿಂದೆ ಸರಸ ಬಿದ್ದಿದ್ದರು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಚರಣ್ ಕೇಳಿದ್ದಕ್ಕೆ ಕಾಂತಪ್ಪ ಫ್ಯೂಸು ಹೋಗಿತ್ತು ಅಂದರು. ಮತ್ತೆ, ತನಗೂ ಹೊತ್ತು ಹೋಗಬೇಕಲ್ಲ, ಇನ್ನು ಬಿಲ್ಲು ತಾನೇ ಕಟ್ಟುತ್ತೇನೆ ಅಂದರು. ಚರಣನಿಗೆ ಒಂದು ಭಾರ ಇಳಿದ ಹಾಗಾಯಿತು.

*

ಕರೆಂಟು ಬಂತು. ಯಂತ್ರ ಮತ್ತೆ ಉಸಿರಾಡಿತು, ಪೆಟ್ಟಿಗೆಯ ಗಾಜಿನ ಮೇಲೆ ಮಂಜು ಕಟ್ಟಿತು. ಮಿಥುನ್ ಮೇಲೆ ಬಂದು ಗೋಡೆಗೆ ಒರಗಿ ನಿಂತ. ಅಣ್ಣನ ಕಡೆ ನೋಡಲಿಲ್ಲ.

ಅಪ್ಪನಿಗೆ ಯಾರೋ ಮೋಸ ಮಾಡಿರಬೇಕು, ಒಂದು ಸೊನ್ನೆ ಹೆಚ್ಚಾಗಿರಬೇಕು ಎಂದು ಚರಣ್ ಹೇಳತೊಡಗಿದ್ದ. ತಲೆ ಸರಿಯಿರುವವರು ಯಾರಾದರೂ ಡಿಪಾಸಿಟ್ಟು ಮುರಿಸಿ ಕರೆಂಟಿಗೆ ಕಟ್ಟುತ್ತಾರೆಯೇ. ಆಗ ಒಳಗಿನಿಂದ ಸರಸ ಕರೆದರು. ದನಿ ಸಣ್ಣದಿತ್ತು. ಆದರೆ ಎಲ್ಲರೂ ಬಾಗಿಲ ಬಳಿ ಬಂದರು.

"ಆ ದಿನ ಫ್ಯೂಸ್ ಹೋದದ್ದಲ್ಲ, ಚರಣ್."

ಮಿಥುನ್ ಬೇಡ ಎಂಬಂತೆ ಕೈಯಾಡಿಸಿದ. ಸರಸ ಮತ್ತೊಂದು ಉಸಿರು ತೆಗೆದುಕೊಂಡರು.

"ಬಿಲ್ಲು ಕಟ್ಟಿರ್ಲಿಲ್ಲ. ಅದಕ್ಕೆ ಕಡಿದದ್ದು. ನಿಂಗೆ ಹೇಳ್ಬಾರ್ದು ಅಂತ ಅವರು ನನ್ನ ಕೈಯಲ್ಲಿ, ಇವನ ಕೈಯಲ್ಲಿ ಆಣೆ ಹಾಕಿಸಿದ್ರು."

ಹರ್ಷಿಣಿ ಚರಣನ ತೋಳು ಮುಟ್ಟಿದಳು. ಅವನು ತೋಳನ್ನು ಹಿಂದಕ್ಕೆ ಎಳೆದುಕೊಂಡ.

ಮುಂದಿನದನ್ನು ಕಿಟ್ಟಣ್ಣ ಹೇಳಿದರು. ಚೆಕ್ಕು ಹಿಡಿದುಕೊಂಡು ಕರೆಂಟ್ ಆಫೀಸಿಗೆ ಹೋಗುವಾಗ ಕಾಂತಪ್ಪ ಅವರನ್ನೂ ಕರೆದುಕೊಂಡು ಹೋಗಿದ್ದರಂತೆ. ಇಷ್ಟೊಂದು ಬೇಕಾಗಿಲ್ಲ ತಾತಾ, ಮತ್ತೆ ವಾಪಸು ತೆಗೆಯುವುದು ಕಷ್ಟ ಎಂದು ಕೌಂಟರಿನ ಹೆಂಗಸು ತಮಿಳಿನಲ್ಲಿ ಮತ್ತೆ ಮತ್ತೆ ತಿಳಿಸಿ ಹೇಳಿದಳಂತೆ.

"ಅದಕ್ಕೆ ಇವ ಎಂತ ಹೇಳಿದ ಗೊತ್ತುಂಟಾ? ವಾಪಸು ಬರಬಾರದು ಅಂತಲೇ ಕಟ್ಟುವುದು ಅಮ್ಮಾ, ಅಂದ. ಬ್ಯಾಂಕಲ್ಲಿದ್ರೆ ನಾಳೆ ಯಾರಿಗಾದ್ರೂ ಕಷ್ಟ ಬರ್ತದೆ, ನಾನು ಕೊಟ್ಟುಬಿಡ್ತೇನೆ, ಅಂದ. ನಾ ಹೋದ ಮೇಲೆ ಸರಸ ಉಸಿರಾಡ್ಲಿಕ್ಕೆ ಯಾರನ್ನೂ ಕೇಳುವ ಹಾಗೆ ಆಗ್ಬಾರ್ದು, ಅಂದ."

ಹರ್ಷಿಣಿ ಮೆಲ್ಲಗೆ, ಸಂಪರ್ಕವನ್ನು ವಾರಸುದಾರರ ಹೆಸರಿಗೆ ಮಾಡಿಸಿ ಅರ್ಜಿ ಹಾಕಿದರೆ ಹಣ ಹಿಂದೆ ಸಿಗಬಹುದು, ಅತ್ತೆ ಹೇಗೂ ತಮ್ಮ ಜೊತೆ ಶೋಳಿಂಗನಲ್ಲೂರಿಗೆ ಬರುತ್ತಾರಲ್ಲ ಎಂದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಈ ಸೆಕೆಯ ಮನೆಯಲ್ಲಿ ಅತ್ತೆಯನ್ನು ಬಿಡಲು ಅವಳಿಗೆ ನಿಜವಾಗಿಯೂ ಭಯವಾಗಿತ್ತು.

"ಅದು ಇಲ್ಲೇ ಇರ್ಲಿ," ಸರಸ ಅಂದರು. "ನಾನೂ ಇಲ್ಲೇ ಇರ್ತೇನೆ."

ಚರಣ್ ಹೊರಗೆ ಬಂದು ಪೆಟ್ಟಿಗೆಯ ಪಕ್ಕ ಕೂತ. ಗಾಜಿನ ಮಂಜಿನಲ್ಲಿ ಅಪ್ಪನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಅಂಗೈಯಿಂದ ಒರೆಸಿದ. ಮಂಜು ಕಟ್ಟಿದ್ದು ಒಳಬದಿಗೆ.

*

ವಿಶ್ವನಾಥ ಬಂದರು. ಮಕ್ಕಳಿಬ್ಬರೂ ತಲೆಗೆ ನೀರು ಹೊಯ್ದುಕೊಂಡು ಚಟ್ಟಕ್ಕೆ ಭುಜ ಕೊಟ್ಟರು. ಮೆಟ್ಟಿಲು ಇಕ್ಕಟ್ಟು, ಎರಡು ಕಡೆ ತಿರುವು. ಮುಂದೆ ಹಿಡಿದ ಇಬ್ಬರೂ ಒಟ್ಟಿಗೆ ಹೆಜ್ಜೆ ಹಾಕದಿದ್ದರೆ ಭಾರವೆಲ್ಲ ಒಂದೇ ಕಡೆ ವಾಲುತ್ತದೆಂದು ಕಿಟ್ಟಣ್ಣ ಎಚ್ಚರಿಸಿದರು. ಮೊದಲ ತಿರುವಿನಲ್ಲಿ ಚರಣನ ಕಾಲು ಜಾರಿತು. ಮಿಥುನ್ ಇನ್ನೊಂದು ಕೈಯಿಂದ ಅವನ ಸೊಂಟ ಹಿಡಿದು ನಿಲ್ಲಿಸಿದ. ಹಿಡಿದ ಕೈಯನ್ನು ತಕ್ಷಣ ಬಿಟ್ಟ.

ಸ್ಮಶಾನದಲ್ಲಿ ಕೆಲಸ ಬೇಗ ಮುಗಿಯಿತು. ಅಲ್ಲಿಯೇ ನಲ್ಲಿಯ ಕೆಳಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಇಬ್ಬರೂ ಒಂದೇ ಆಟೋದಲ್ಲಿ ಮನೆಗೆ ಬಂದರು. ಕಚೇರಿ ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋ ತುಂಬ ಹೊತ್ತು ನಿಂತಿತು. ಗೊತ್ತಿದ್ದೂ ಯಾಕೆ ನನಗೆ ಹೇಳಲಿಲ್ಲ ಎಂದು ಚರಣ್ ಕೇಳಿದ. ಮಿಥುನ್ ಒದ್ದೆ ಪಂಚೆಯ ಅಂಚು ಹಿಂಡಿದ.

ಸರಸ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಒಳಗೆ ಬಂದವರನ್ನು ಕಂಡು, ಕೋಣೆಯ ಏಸಿ ಹಾಕಿ ಇಬ್ಬರು ಮಕ್ಕಳೂ ಇಲ್ಲೇ ಕೂತುಕೊಳ್ಳಿ ಅಂದರು.

"ಬೇಡಮ್ಮ," ಚರಣ್ ಅಂದ.

"ಹಾಕು ಮಗಾ. ಕಟ್ಟಿದ್ದಾರಲ್ಲ."

ಚರಣ್ ಏಸಿ ಹಾಕಿದ. ಮಂಚದ ಪಕ್ಕದಲ್ಲಿ, ಕೆಂಪು ನೆಲದ ಮೇಲೆ, ಅಣ್ಣ ತಮ್ಮ ಸ್ವಲ್ಪ ದೂರ ದೂರ ಕೂತರು. ತಣ್ಣನೆ ಗಾಳಿ ಒದ್ದೆ ಮೈಗೆ ತಾಗಿತು. ಚರಣನ ತಲೆ ಇನ್ನೂ ಒದ್ದೆಯಾಗಿತ್ತು. ಅವನ ದವಡೆ ನಡುಗತೊಡಗಿತು. ಮಿಥುನ್ ಎದ್ದು, ಕಿಟಕಿಯ ಸರಳಿಗೆ ಹಾಕಿದ್ದ ಒಣ ಟವೆಲನ್ನು ಎಳೆದು, ಅಣ್ಣನ ತಲೆಯ ಮೇಲೆ ಎಸೆದ. ಅದು ಮುಖದ ಮೇಲೆ ಇಳಿಬಿತ್ತು. ಚರಣ್ ಅದನ್ನು ಸರಿಸಲಿಲ್ಲ. ಬಟ್ಟೆಯ ಹಿಂದೆ ಅವನ ಭುಜಗಳು ಅಲುಗುತ್ತಿದ್ದವು.