ಮೈಸೂರು ಕಾಲನಿ ಬಂತು

ಯಾರದೋ ಅಡುಗೆಮನೆ, ಒಲೆಯ ಮೇಲೆ ಕುಕ್ಕರು, ಈರುಳ್ಳಿ ಹೆಚ್ಚುತ್ತಿರುವ ಹೆಂಗಸು, ಒಣಹಾಕಿದ ಲಂಗ, ಮಹಡಿ ಮನೆಗಳ ಕಿಟಕಿಗಳೆಲ್ಲ ನನ್ನ ಕಣ್ಣಿಗೆ ಸರಿಸಮ ಬಂದು ಹಿಂದೆ ಸರಿಯುತ್ತಿವೆ, ಒಂದೇ ತೊಲೆಯ ಮೇಲೆ ಓಡುತ್ತದಂತೆ ಈ ಮೋನೋರೈಲು, ಚೆಂಬೂರಿನಲ್ಲಿ ಹತ್ತಿದಾಗಿನಿಂದ ಮಾವನದು ಅದೇ ಮಾತು, ನೋಡೇ ವಾಣಿ, ಒಂದೇ ಕಂಬಿ ಕಣೇ, ಆದ್ರೂ ಬೀಳಲ್ಲ — ಬಿದ್ದರೆ ಬೀಳಲಿ, ಸಾಯಂಕಾಲ ಇವನ ಮನೆಯಲ್ಲಿ ನನಗೂ ಇವನಿಗೂ ತಾಂಬೂಲ ಬದಲಾಯಿಸುತ್ತಾರೆ, ಅಮ್ಮನ ಒಡಹುಟ್ಟಿದ ತಮ್ಮ ಇವನು, ಮುಂಬಯಿ ನೋಡ್ಕೊಂಡು ಬರೋಣ ಬಾರೇ ಎಂದು ಮುಳಬಾಗಿಲಿನಿಂದ ಕರೆತಂದ ಅಮ್ಮ ಬ್ಯಾಗಿನಲ್ಲಿ ಬೆಳ್ಳಿ ತಟ್ಟೆ ಬಚ್ಚಿಟ್ಟು ತಂದಿದ್ದಾಳೆ, ಇವತ್ತು ಬೆಳಿಗ್ಗೆ ಕಾಫಿ ಕೊಡುತ್ತಾ ಹೇಳಿದಳು, ಒಳ್ಳೇ ದಿನ, ಮುಗಿಸ್ಬಿಡೋಣ. ಯಾರನ್ನು ಕೇಳಿ? ಊರುಕೋವೇ, ಸುಮ್ನಿರು, ಕೇಳೋದೇನಿದೆ, ನೀನು ದೊಡ್ಡೋಳಾದಾಗ ಗುಡ್ಲು ಹಾಕ್ದೋನು ನನ್ ತಮ್ಮ, ತಾಳಿ ಕಟ್ಟೋನೂ ಅವನೇ.

ಗುಡ್ಲು, ಹಸಿ ತೆಂಗಿನ ಗರಿಯ ಗುಡಿಸಲು, ಸೋದರಮಾವನೇ ಕಟ್ಟಬೇಕು ಅಂತ ರಜ ಹಾಕಿ ಬಂದಿದ್ದ, ಒಳಗೆ ಎಳ್ಳು ಬೆಲ್ಲದ ಚಿಗಳಿ ತಿಂದು ತಿಂದು ನನಗೆ ವಾಕರಿಕೆ, ಗರಿಯ ಸಂದಿಯಿಂದ ಒಂದು ಕಥೆ ಪುಸ್ತಕ ತೂರಿಸಿ ಬೇಜಾರಾದ್ರೆ ಓದ್ಕೊಳೇ ಅಂದಿದ್ದ, ಎಷ್ಟು ಪ್ರೀತಿ ಬಂದಿತ್ತು ಆವತ್ತು, ಈಗಲೂ ಇದೆ, ನನ್ನ ಮೂಗು ಒರೆಸಿದವನು, ಹೆಗಲ ಮೇಲೆ ಕೂರಿಸಿಕೊಂಡು ಕುರುಡುಮಲೆ ಗಣಪನನ್ನು ತೋರಿಸಿದವನು, ಅವನ ಪಕ್ಕದಲ್ಲಿ ಮಲಗು ಅಂದರೆ ಹೇಸಿಗೆಯಾಗುತ್ತದೆ, ಹೌದು, ಹೇಸಿಗೆ, ಇನ್ನೊಂದು ಸಲ ಬೇಕಾದರೂ ಅನ್ನುತ್ತೇನೆ. ತಾಯಲೂರು ಡೈರಿಯಲ್ಲಿ ಹಾಲಿಗೆ ನೀರು ಬೆರೆಸಿದ್ದರೆ ಪಂಚಾಯ್ತಿ ಮೆಂಬರಿನ ಕ್ಯಾನನ್ನೂ ವಾಪಸ್ ಕಳಿಸುವವಳು ನಾನು, ಇದೊಂದು ಮಾತಿಗೆ ಯಾಕೆ ನಾಲಗೆ ಒಣಗಬೇಕು, ಅಗೋ ಕಾರ್ಖಾನೆಯ ಚಿಮಣಿಯ ತುದಿಯಲ್ಲಿ ಹಾಡಹಗಲೇ ಬೆಂಕಿ ಉರಿಯುತ್ತಿದೆ, ಮಾವ, ನಾನು ನಿನ್ನ ಮದುವೆ ಆಗಲ್ಲ — ಹೇಳಿಬಿಟ್ಟೆ, ಜೋರಾಗಿಯೇ, ಈ ಬೋಗಿಯಲ್ಲಿ ಯಾರಿಗೆ ಕನ್ನಡ ಬರುತ್ತದೆ, ಊರಿನಲ್ಲಾಗಿದ್ದರೆ ಬೀದಿಯೇ ಬಾಗಿಲಿಗೆ ಬರುತ್ತಿತ್ತು. ಮೆತ್ತಗೆ ಮಾತಾಡೇ. ಮಾತಾಡಲ್ಲ, ಮೆತ್ತಗೆ ಮಾತಾಡಿಯೇ ಇಲ್ಲಿಗೆ ಬಂದು ಕೂತಿದ್ದೇನೆ. ಎಲ್ಲಾ ರೆಡಿ ಆಗಿದೆ ಕಣೇ, ಅಕ್ಕಂಗೆ ಏನಂತ ಹೇಳ್ಲಿ? ಅಕ್ಕನಿಗಂತೆ, ತಲೆಗೂದಲು ನರೆಯುತ್ತಿರುವ ಗಂಡಸು, ನಿನಗೆ ಬೇಕಾ ಮಾವ, ನಿನಗೆ? ಅವನು ತಲೆ ತಗ್ಗಿಸಿದ, ಚಪ್ಪಲಿ ನೋಡಿಕೊಂಡ, ಆಗಲೇ ಬಂದುಬಿಟ್ಟಿತು ಅವನ ಸ್ಟೇಷನ್ನು, ಮೈಸೂರು ಕಾಲನಿ, ಇಷ್ಟು ದೂರದಲ್ಲೂ ನಮ್ಮ ಕಡೆಯದೇ ಹೆಸರು, ಇಟ್ಟುಕೊಳ್ಳಲಿ, ನನ್ನನ್ನೇನೂ ಇಳಿಸಲಾರದು, ಮಾವ ಇಳಿದ, ತಿರುಗಿ ನೋಡಿದ, ನಾನು ಸೀಟಿನ ಅಂಚು ಹಿಡಿದು ಕೂತೇ ಇದ್ದೇನೆ, ಒಳ್ಳೇ ಗಳಿಗೆ ಮುಗಿಯುವವರೆಗೂ ಈ ತೊಲೆಯ ಮೇಲೆ ಹೋಗುತ್ತೇನೆ, ಬರುತ್ತೇನೆ, ದಂಡ ಹಾಕಿದರೆ ಹಾಕಲಿ, ಬಾ ಅಂತ ಕೈ ಹಿಡಿದು ಎಳೆಯುತ್ತಾನೆ ಈಗ, ಎಳೆಯಲಿ ನೋಡೋಣ — ಅವನು ಅಂಗೈ ಎತ್ತಿದ. ಇಳೀಬೇಡ ಕಣೇ, ಅಲ್ಲೇ ಇರು, ಅಕ್ಕಂಗೆ ನಾನ್ ಹೇಳ್ತೀನಿ. ಬಾಗಿಲು ಮುಚ್ಚಿತು. ಬೇಡ, ನೀನು ಹೇಳಬೇಡ, ನಾನೇ ಹೇಳಬೇಕು, ಫೋನು ಎಲ್ಲಿ, ಅಮ್ಮಾ ನಾನು ವಾಣಿ, ನಾನು — ಗಾಜಿನಾಚೆ ಅಂಗೈ, ರೈಲು ಸರಿದರೂ ಇಳಿಯದ ಅಂಗೈ, ಕೆಳಗೆ ಉಪ್ಪುನೀರು, ಹಸಿರು ಪೊದೆ, ಅಮ್ಮಾ ಕೇಳಿಸ್ತಾ ಇದೆಯಾ — ಅಂಗೈ.